ಕಾರಿನ ಕೆಳಗೆ ಮಲಗದೆ ಮನೆಯಲ್ಲೇ ಆಯಿಲ್ ಚೇಂಜ್: ಎಳೆಯೋ ಪಂಪ್ ಕಲಿಸಿದ ಪಾಠ

ಈ ವಾರ ಬೆಳೆ ವಿಷಯ ಅಲ್ಲ, ಗಾಡಿ ವಿಷಯ. ನಮ್ಮಲ್ಲಿ ಬಹಳ ಮಂದಿ ಸೆಕೆಂಡ್ ಹ್ಯಾಂಡ್ ಕಾರು ಇಟ್ಕೊಂಡಿದ್ದೀವಿ. ಅದರಲ್ಲೇ ಗೊಬ್ಬರದ ಚೀಲ, ಅದರಲ್ಲೇ ಕೊಬ್ಬರಿ ಸ್ಯಾಂಪಲ್ಲು, ಅದರಲ್ಲೇ ಆಸ್ಪತ್ರೆಗೆ ಓಡಾಟ. ಆ ಕಾರಿನ ಎಂಜಿನ್ ಆಯಿಲನ್ನು ಮನೆ ಮುಂದೆಯೇ, ಕೆಳಗೆ ನುಗ್ಗದೆ, ವ್ಯಾಕ್ಯೂಮ್ ಪಂಪಿನಿಂದ ಎಳೆದು ಬದಲಾಯಿಸೋದು ಹೇಗೆ ಅಂತ ಹೇಳ್ತೀನಿ. ನಾನು ಮೆಕ್ಯಾನಿಕ್ ಅಲ್ಲ, ತೆಂಗು ಬೆಳೆಯೋನು. ಒಂದು ಪೆಟ್ಟು ತಿಂದು ಕಲಿತದ್ದು ಇದು.

ಆ ರಾತ್ರಿ ಏನಾಯ್ತು

ಅವ್ವನ ಕಣ್ಣಿನ ಆಪರೇಷನ್ ಆದ ಮೇಲೆ ತೋರಿಸಿಕೊಂಡು ಬರೋಕೆ ತುಮಕೂರಿಗೆ ಹೋಗಿದ್ದೆವು. ವಾಪಸ್ ಬರುವಾಗ ಕತ್ತಲಾಗಿತ್ತು. ಗುಬ್ಬಿ ದಾಟಿ ನಿಟ್ಟೂರಿನ ಕಡೆ ಬರ್ತಾ ಇದ್ದಾಗ ಮೀಟರಿನಲ್ಲಿ ಕೆಂಪು ದೀಪ ಒಂದು ಮಿಣುಕ್ ಅಂತು. ಆಯಿಲ್ ಡಬ್ಬಿಯ ಚಿತ್ರ. ಮೊದಲು ತಿರುವಿನಲ್ಲಿ ಮಾತ್ರ ಹತ್ತಿ ಆರ್ತಿತ್ತು, ಆಮೇಲೆ ಹತ್ತಿದ್ದು ಆರಲೇ ಇಲ್ಲ.

"ಊರು ಇನ್ನೇನು ಬಂತಲ್ಲ, ಹೋಗೇ ಬಿಡಾಣ" ಅಂದ್ಲು ಅವ್ವ. ನನಗೂ ಹಾಗೇ ಅನ್ನಿಸ್ತು. ಆದರೂ ಯಾಕೋ ಧೈರ್ಯ ಸಾಲದೆ ಪಕ್ಕಕ್ಕೆ ಹಾಕಿ ಎಂಜಿನ್ ಆಫ್ ಮಾಡಿದೆ. ಮೊಬೈಲ್ ಟಾರ್ಚ್ ಹಾಕಿ ಡಿಪ್‌ಸ್ಟಿಕ್ ತೆಗೆದ್ರೆ ಕಡ್ಡಿ ಒಣಗಿತ್ತು. ತುದಿಯಲ್ಲೂ ಆಯಿಲ್ ಇಲ್ಲ. ಚಿಕ್ಕಪ್ಪನ ಮಗನಿಗೆ ಫೋನ್ ಮಾಡಿ, ಅವನು ಪಿಕಪ್ ತಂದು ಕಾರು ಎಳ್ಕೊಂಡು ಹೋಗೋ ಹೊತ್ತಿಗೆ ರಾತ್ರಿ ಹನ್ನೊಂದು. ಅಷ್ಟು ಹೊತ್ತೂ ಅವ್ವ ಕಣ್ಣಿಗೆ ಕರೀ ಕನ್ನಡಕ ಹಾಕ್ಕೊಂಡು ರಸ್ತೆ ಬದಿ ಕೂತಿದ್ದಳು.

ಮಾರನೇ ದಿನ ನೋಡಿದಾಗ ಕಾರಣ ಸಿಕ್ತು. ಮೂರು ವಾರದ ಹಿಂದೆ ರಸ್ತೆ ಬದಿಯ ಒಂದು ಗ್ಯಾರೇಜಿನಲ್ಲಿ ಆಯಿಲ್ ಚೇಂಜ್ ಮಾಡಿಸಿದ್ದೆ. ಅಲ್ಲಿನ ಹುಡುಗ ಚೇಂಬರಿನ ಡ್ರೈನ್ ಬೋಲ್ಟನ್ನು ಉದ್ದ ಪೈಪ್ ಹಾಕಿ ಬಿಗಿದಿದ್ದ. ಥ್ರೆಡ್ ಕಿತ್ತು ಹೋಗಿತ್ತು. ಅವತ್ತಿನಿಂದ ಹನಿ ಹನಿಯಾಗಿ ಸೋರ್ತಾನೇ ಇತ್ತು. ಕೊಟ್ಟಿಗೆ ಪಕ್ಕ ಕಾರು ನಿಲ್ಲಿಸೋ ಜಾಗದಲ್ಲಿ ಕರೀ ಕಲೆ ಇದ್ದದ್ದನ್ನ ನಾನೂ ನೋಡಿದ್ದೆ, ತಲೆ ಕೆಡಿಸಿಕೊಂಡಿರಲಿಲ್ಲ. ತಪ್ಪು ಅವನದು ಅರ್ಧ, ನನ್ನದು ಅರ್ಧ.

ಇಲ್ಲಿ ಒಂದು ಮಾತು ನೆನಪಿಟ್ಟುಕೊಳ್ಳಿ. ಆ ಕೆಂಪು ದೀಪ ಸಾಮಾನ್ಯವಾಗಿ ತೋರಿಸೋದು ಆಯಿಲ್ ಎಷ್ಟಿದೆ ಅಂತ ಅಲ್ಲ, ಆಯಿಲ್ ಪ್ರೆಷರ್ ಬಿದ್ದಿದೆ ಅಂತ. ಅಂದರೆ ಎಂಜಿನ್ ಒಳಗಿನ ಬೇರಿಂಗುಗಳಿಗೆ ಆಯಿಲ್ ಸರಿಯಾಗಿ ತಲುಪ್ತಾ ಇಲ್ಲ. ದೀಪ ಹತ್ತಿದ ಮೇಲೆ "ಊರು ಬಂತಲ್ಲ" ಅಂತ ಓಡಿಸಿದ್ರೆ ಕೆಲವೇ ನಿಮಿಷದಲ್ಲಿ ಎಂಜಿನ್ ಹಿಡ್ಕೊಂಡು ಬಿಡಬಹುದು. ಆಮೇಲೆ ಖರ್ಚು ಹತ್ತಾರು ಸಾವಿರ. ತಕ್ಷಣ ನಿಲ್ಲಿಸಿದ್ದಕ್ಕೆ ನನ್ನ ಎಂಜಿನ್ ಉಳೀತು.

ಥ್ರೆಡ್ ರಿಪೇರಿ ಮಾಡಿಸಿದ ಮೇಲೆ ಮೆಕ್ಯಾನಿಕ್ ಅಣ್ಣ ಒಬ್ಬರು ಹೇಳಿದ್ರು, "ಈ ಬೋಲ್ಟನ್ನ ಪದೇ ಪದೇ ಬಿಚ್ಚಬೇಡ, ಮೇಲಿಂದಲೇ ಎಳೆಯೋ ಪಂಪ್ ಬರುತ್ತೆ ನೋಡು" ಅಂತ. ಅಲ್ಲಿಂದ ಶುರುವಾಯ್ತು.

ಈ ಪಂಪ್ ಕೆಲಸ ಮಾಡೋದು ಹೇಗೆ?

ಬೆನ್ನಿಗೆ ಹಾಕೋ ಸ್ಪ್ರೇಯರ್ ನಿಮಗೆಲ್ಲ ಗೊತ್ತು. ಹಿಡಿ ಆಡಿಸಿದ್ರೆ ಒಳಗೆ ಒತ್ತಡ ಹೆಚ್ಚಾಗುತ್ತೆ, ಔಷಧಿ ಹೊರಗೆ ಚಿಮ್ಮುತ್ತೆ. ಈ ಪಂಪ್ ಅದರ ಉಲ್ಟಾ. ಹಿಡಿ ಎಳೆದಾಗೆಲ್ಲ ಟ್ಯಾಂಕಿನ ಒಳಗಿನ ಗಾಳಿ ಹೊರಗೆ ಹೋಗುತ್ತೆ. ಟ್ಯಾಂಕಿಗೆ ಒಂದು ಸಣ್ಣ ಪೈಪ್ ಇರುತ್ತೆ. ಆ ಪೈಪನ್ನ ಡಿಪ್‌ಸ್ಟಿಕ್ ಇರೋ ಕೊಳವೆಯೊಳಗೆ ಇಳಿಸಿದ್ರೆ ಅದು ಎಂಜಿನ್ ತಳದ ಚೇಂಬರ್ ಮುಟ್ಟುತ್ತೆ. ಚೇಂಬರಿನಲ್ಲಿರೋ ಆಯಿಲ್ ಮೇಲೆ ಹೊರಗಿನ ಗಾಳಿಯ ಒತ್ತಡ ಇದೆ, ಟ್ಯಾಂಕಿನಲ್ಲಿ ಒತ್ತಡ ಕಮ್ಮಿ. ಹಾಗಾಗಿ ಆಯಿಲ್ ತಾನೇ ಪೈಪ್ ಹತ್ತಿ ಟ್ಯಾಂಕಿಗೆ ಬರುತ್ತೆ. ಎಳನೀರಿಗೆ ಸ್ಟ್ರಾ ಹಾಕಿ ಕುಡಿಯೋದೂ ಇದೇ ತತ್ವ.

ತೆರೆದ ಬಾವಿಯ ದಂಡೆ ಮೇಲಿಟ್ಟ ಮೋಟರು ಏಳೆಂಟು ಮೀಟರಿಗಿಂತ ಕೆಳಗಿನ ನೀರು ಎಳೆಯೋಕೆ ಒದ್ದಾಡುತ್ತಲ್ಲ, ಅದೇ ಮಿತಿ ಇಲ್ಲೂ ಇದೆ. ಆದರೆ ಕಾರಿನಲ್ಲಿ ಎತ್ತಬೇಕಾದ್ದು ಒಂದು ಮೀಟರಿನಷ್ಟೇ, ಅದರಿಂದ ತೊಂದರೆ ಇಲ್ಲ. ತೊಂದರೆ ಬರೋದು ಆಯಿಲ್ ಗಟ್ಟಿ ಇದ್ದಾಗ. ತಣ್ಣಗಿನ ಬೆಲ್ಲದ ಪಾಕವನ್ನ ಸ್ಟ್ರಾದಲ್ಲಿ ಎಳೆದ ಹಾಗೆ ಆಗುತ್ತೆ. ಅದಕ್ಕೇ ಎಂಜಿನ್ ಬೆಚ್ಚಗಿರಬೇಕು.

ಕೈಯಲ್ಲಿ ಎಳೆಯೋದು, 12 ವೋಲ್ಟ್ ಬ್ಯಾಟರಿಗೆ ಹಾಕೋದು, ಎರಡೂ ಥರ ಸಿಗುತ್ತೆ. ನಾನು ತಗೊಂಡಿದ್ದು ಕೈಯಲ್ಲಿ ಎಳೆಯೋ 6 ಲೀಟರಿನದು. ಟ್ಯಾಂಕಿನ ಮೇಲೆ ಲೀಟರ್ ಗುರುತು ಇರೋದನ್ನೇ ಆರಿಸಿ. ಯಾಕೆ ಅಂತ ಮುಂದೆ ಗೊತ್ತಾಗುತ್ತೆ.

ನಿಮ್ಮ ಗಾಡಿಗೆ ಇದು ಆಗುತ್ತಾ?

ದುಡ್ಡು ಹಾಕೋ ಮುಂಚೆ ಇದನ್ನ ನೋಡಿ. ಎಲ್ಲ ಗಾಡಿಗೂ ಇದು ಸರಿ ಹೋಗಲ್ಲ.

ಕಾರಿನಲ್ಲಿ ಡಿಪ್‌ಸ್ಟಿಕ್ ಕೊಳವೆ ನೇರವಾಗಿ ಚೇಂಬರಿಗೆ ಇಳಿದಿದ್ದರೆ ಬಹುಪಾಲು ಆಯಿಲ್ ಬರುತ್ತೆ. ಕೆಲವು ಎಂಜಿನ್ನಿನಲ್ಲಿ ಕೊಳವೆ ತಿರುವು ಜಾಸ್ತಿ, ಅಥವಾ ಒಳಗೆ ತಗಡಿನ ತಡೆ ಇರುತ್ತೆ. ಪೈಪ್ ತಳ ಮುಟ್ಟಲ್ಲ, ಅರ್ಧ ಲೀಟರೋ ಮುಕ್ಕಾಲು ಲೀಟರೋ ಒಳಗೇ ಉಳಿಯುತ್ತೆ. ಕೆಲವು ಹೊಸ ಕಾರುಗಳಲ್ಲಿ ಡಿಪ್‌ಸ್ಟಿಕ್ಕೇ ಇರಲ್ಲ. ನಿಮ್ಮದೇ ಮಾಡೆಲ್ ಇರೋ ಯಾರಾದರೂ ಈ ಪಂಪ್ ಬಳಸಿದ್ದಾರಾ ಅಂತ ವಿಚಾರಿಸಿ. ಸಾಧ್ಯವಾದರೆ ಅವರ ಪಂಪ್ ತಂದು ಒಂದು ಸಲ ಎಳೆದು ನೋಡಿ.

ಟ್ರ್ಯಾಕ್ಟರಿಗೆ ನಾನು ಇದನ್ನ ಬಳಸಲ್ಲ. ಅದಕ್ಕೆ ಆಯಿಲ್ ಜಾಸ್ತಿ ಹಿಡಿಯುತ್ತೆ, ಸಣ್ಣ ಟ್ಯಾಂಕ್ ಸಾಲಲ್ಲ. ಅಲ್ಲದೆ ಟ್ರ್ಯಾಕ್ಟರ್ ಎತ್ತರ ಇರೋದ್ರಿಂದ ಡ್ರೈನ್ ಬೋಲ್ಟ್ ಕೈಗೆ ಸುಲಭವಾಗಿ ಸಿಗುತ್ತೆ. ಬೋಲ್ಟ್ ಬಿಚ್ಚಿದ್ರೆ ತಳದ ಗಸಿಯೂ ಆಚೆ ಬರುತ್ತೆ. ಟ್ರ್ಯಾಕ್ಟರಿಗೆ ಹಳೇ ದಾರಿಯೇ ಒಳ್ಳೇದು.

ಗಸಿ ವಿಷಯ ಬಂದಿದ್ದಕ್ಕೆ ಹೇಳ್ತೀನಿ. ಪಂಪ್ ಎಳೆದಾಗ ತಳದಲ್ಲಿ ಕೂತ ಗಟ್ಟಿ ಗಸಿ ಪೂರ್ತಿ ಬರಲ್ಲ. ಆದ್ದರಿಂದ ನಾನು ಎರಡು ಸಲ ಪಂಪಿನಿಂದ ತೆಗೆದರೆ ಮೂರನೇ ಸಲ ಒಳ್ಳೇ ಗ್ಯಾರೇಜಿನಲ್ಲಿ ಬೋಲ್ಟ್ ಬಿಚ್ಚಿಸ್ತೀನಿ. ಆವಾಗ ಕೆಳಗಿನ ಸೋರಿಕೆ, ರಬ್ಬರ್ ಬೂಟುಗಳೂ ಕಣ್ಣಿಗೆ ಬೀಳುತ್ವೆ. ಕಾರು ವಾರಂಟಿಯಲ್ಲಿದ್ದರೆ ಮಾತ್ರ ಈ ಸಾಹಸ ಬೇಡ. ಕಂಪನಿ ಸರ್ವಿಸಿಗೇ ಕೊಟ್ಟು ಬಿಲ್ ಇಟ್ಕೊಳ್ಳಿ.

ಯಾವ ಆಯಿಲ್, ಯಾವಾಗ?

ಅಂಗಡಿಯವರನ್ನ ಕೇಳೋ ಮುಂಚೆ ಕಾರಿನ ಜೊತೆ ಬಂದ ಪುಸ್ತಕ ಕೇಳಿ. ಪುಸ್ತಕ ಕಳೆದಿದ್ದರೆ ಕಂಪನಿಯ ವೆಬ್‌ಸೈಟಿನಲ್ಲಿ ಹುಡುಕಿ, ಬಹಳ ಮಾಡೆಲ್ಲಿನ ಪುಸ್ತಕ ಫೋನಿಗೆ ಇಳಿಸಿಕೊಳ್ಳಬಹುದು. ಅದರಲ್ಲಿ ಮೂರು ವಿಷಯ ನೋಡಬೇಕು.

ಒಂದು, ಗ್ರೇಡ್. 0ಡಬ್ಲ್ಯೂ-20, 5ಡಬ್ಲ್ಯೂ-30, 15ಡಬ್ಲ್ಯೂ-40 ಅಂತೆಲ್ಲ ಬರೆದಿರುತ್ತೆ. ಡಬ್ಲ್ಯೂ ಹಿಂದಿನ ಅಂಕಿ ಚಳಿಯಲ್ಲಿ ಆಯಿಲ್ ಎಷ್ಟು ಸಲೀಸಾಗಿ ಹರಿಯುತ್ತೆ ಅನ್ನೋದಕ್ಕೆ, ಆಮೇಲಿನ ಅಂಕಿ ಎಂಜಿನ್ ಕಾದಾಗ ಎಷ್ಟು ದಪ್ಪ ಇರುತ್ತೆ ಅನ್ನೋದಕ್ಕೆ. "ನಮ್ಮ ಕಡೆ ಬಿಸಿಲು, ದಪ್ಪನೇ ಆಯಿಲ್ ಹಾಕು" ಅನ್ನೋ ಮಾತು ನಂಬಬೇಡಿ. ಪುಸ್ತಕದಲ್ಲಿ ಏನಿದೆಯೋ ಅದೇ.

ಎರಡು, ಗುಣಮಟ್ಟದ ಗುರುತು. ಪೆಟ್ರೋಲ್ ಎಂಜಿನ್ನಿಗೆ ಎಪಿಐ ಎಸ್‌ಎನ್, ಎಸ್‌ಪಿ ಅಂತ ಎಸ್ ಅಕ್ಷರದಿಂದ ಶುರುವಾಗುತ್ತೆ. ಡೀಸೆಲ್ಲಿಗೆ ಸಿಐ-4, ಸಿಕೆ-4 ಅಂತ ಸಿ ಅಕ್ಷರ. 2020ರ ಏಪ್ರಿಲ್ ನಂತರ ಬಂದ ಬಿಎಸ್-6 ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿ ಹಿಡಿಯೋ ಫಿಲ್ಟರ್ ಇದ್ದರೆ, ಅದಕ್ಕೆ ಬೂದಿ ಕಮ್ಮಿ ಉಳಿಸೋ ಬೇರೆ ಆಯಿಲ್ಲೇ ಬೇಕು. ಇನ್ನು ಉಳಿದ ಕಾರಿನ ಆಯಿಲನ್ನ ಬೈಕಿಗೆ ಹಾಕಬೇಡಿ. ಬಹಳ ಬೈಕುಗಳ ಕ್ಲಚ್ ಪ್ಲೇಟು ಅದೇ ಆಯಿಲ್ಲಿನಲ್ಲಿ ಮುಳುಗಿರುತ್ತೆ, ಕಾರಿನ ಆಯಿಲ್ ಹಾಕಿದ್ರೆ ಕ್ಲಚ್ ಜಾರೋಕೆ ಶುರು ಆಗಬಹುದು.

ಮೂರು, ಎಷ್ಟು ಲೀಟರ್. ಫಿಲ್ಟರ್ ಬದಲಾಯಿಸಿದರೆ ಎಷ್ಟು, ಬದಲಾಯಿಸದಿದ್ದರೆ ಎಷ್ಟು ಅಂತ ಬೇರೆ ಬೇರೆ ಕೊಟ್ಟಿರುತ್ತಾರೆ. ನನ್ನ ಪೆಟ್ರೋಲ್ ಕಾರಿಗೆ ಫಿಲ್ಟರ್ ಸೇರಿ 3.1 ಲೀಟರ್.

ಎಷ್ಟು ದಿನಕ್ಕೊಮ್ಮೆ ಅನ್ನೋದೂ ಪುಸ್ತಕದಲ್ಲೇ ಇದೆ. ಬಹಳ ಪೆಟ್ರೋಲ್ ಕಾರುಗಳಿಗೆ 10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲು ಬರುತ್ತೋ ಅದು. ಆದರೆ ಧೂಳಿನ ರಸ್ತೆ, ಎರಡು ಮೂರು ಕಿಲೋಮೀಟರಿನ ಸಣ್ಣ ಓಡಾಟ, ಭಾರ ಹೊರೋದು ಇದ್ದರೆ ಬೇಗ ಬದಲಾಯಿಸಿ ಅಂತ ಅದೇ ಪುಸ್ತಕದಲ್ಲಿ ಇನ್ನೊಂದು ಕಡೆ ಬರೆದಿರುತ್ತೆ. ತೋಟ, ಡೇರಿ, ಪೇಟೆ ಅಂತ ತಿರುಗೋ ನಮ್ಮ ಕಾರುಗಳೆಲ್ಲ ಆ ಲೆಕ್ಕಕ್ಕೇ ಬರ್ತವೆ.

ಡಬ್ಬಿ ತಗೊಳ್ಳುವಾಗ ಸೀಲ್ ನೋಡಿ, ಬಿಲ್ ಕೇಳಿ. ಡಬ್ಬಿ ಮೇಲೆ ಕ್ಯೂಆರ್ ಕೋಡ್ ಇದ್ದರೆ ಅಂಗಡಿಯಲ್ಲೇ ನಿಂತು ಸ್ಕ್ಯಾನ್ ಮಾಡಿ. ನಕಲಿ ಆಯಿಲ್ ಮಾರೋರು ಹೆದರೋದು ಬಿಲ್ಲಿಗೆ.

ಬೇಕಾದ ಸಾಮಾನು

ಪಂಪ್, ಹೊಸ ಆಯಿಲ್, ಹೊಸ ಆಯಿಲ್ ಫಿಲ್ಟರ್, ಫಿಲ್ಟರ್ ಬಿಚ್ಚೋ ಪಾನಾ, ಲೀಟರ್ ಗುರುತಿರೋ ಜಗ್ಗು, ಆಲಿಕೆ, ಕೈಗವಸು, ಹಳೇ ಬಟ್ಟೆ, ಅಗಲವಾದ ತಟ್ಟೆ, ಹಳೇ ಆಯಿಲ್ಲಿಗೆ ಬಿಗಿ ಮುಚ್ಚಳದ ಒಂದು ಕ್ಯಾನು. ಕ್ಯಾನು ಔಷಧಿ ತುಂಬಿದ್ದು ಆಗಿರಬಾರದು, ನೀರು ಕುಡಿಯೋದೂ ಆಗಿರಬಾರದು. ಮೇಲೆ "ಹಳೇ ಆಯಿಲ್" ಅಂತ ದೊಡ್ಡದಾಗಿ ಬರೀರಿ.

ಕೆಲಸ ಹಂತ ಹಂತವಾಗಿ

1. ಕಾರನ್ನ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ಫೋನಿನಲ್ಲಿ ಮಟ್ಟ ನೋಡೋ ಆ್ಯಪ್ ಇದ್ದರೆ ನೆಲದ ಮೇಲಿಟ್ಟು ನೋಡಿ. ನಮ್ಮ ಅಂಗಳ ಕಣ್ಣಿಗೆ ಸಮ ಕಾಣ್ತಿತ್ತು, ಫೋನ್ ಇಟ್ಟಾಗ ಒಂದು ಕಡೆ ವಾಲಿದ್ದು ಗೊತ್ತಾಯ್ತು. ಹ್ಯಾಂಡ್ ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ.

2. ಬದಲಾಯಿಸೋ ಮುಂಚೆ ಡಿಪ್‌ಸ್ಟಿಕ್ ನೋಡಿ ಫೋಟೋ ತೆಗೀರಿ. ಕಿಲೋಮೀಟರ್ ಮೀಟರಿನದೂ ಒಂದು ಫೋಟೋ. ಹಳೇ ಆಯಿಲ್ ಎಷ್ಟಿತ್ತು ಅಂತ ಗೊತ್ತಿದ್ದರೆ ಎಂಜಿನ್ ಆಯಿಲ್ ತಿಂತಾ ಇದೆಯೋ ಇಲ್ಲವೋ ತಿಳಿಯುತ್ತೆ.

3. ಎಂಜಿನ್ ಐದು ನಿಮಿಷ ಓಡಿಸಿ ಆಫ್ ಮಾಡಿ, ಹತ್ತು ನಿಮಿಷ ಬಿಡಿ. ಆಯಿಲ್ ಬೆಚ್ಚಗಿರಬೇಕು, ಸುಡಬಾರದು. ದೂರದ ಪ್ರಯಾಣ ಮುಗಿಸಿ ಬಂದ ಕೂಡಲೇ ಎಳೆದರೆ ಪೈಪ್ ಮೆತ್ತಗಾಗುತ್ತೆ, ಕೈಯೂ ಸುಡುತ್ತೆ. ಕೀಲಿ ತೆಗೆದು ಜೇಬಿಗೆ ಹಾಕ್ಕೊಳ್ಳಿ. ಆಯಿಲ್ ಖಾಲಿ ಇರುವಾಗ ಮನೆಯಲ್ಲಿ ಬೇರೆ ಯಾರೋ ಸ್ಟಾರ್ಟ್ ಮಾಡಿಬಿಟ್ಟರೆ ಕತೆ ಮುಗೀತು.

4. ಬಾನೆಟ್ ಎತ್ತಿ ಆಯಿಲ್ ಹಾಕೋ ಮುಚ್ಚಳ ಸಡಿಲ ಮಾಡಿ. ಡಿಪ್‌ಸ್ಟಿಕ್ ತೆಗೆದು ಒರೆಸಿ, ಪಂಪಿನ ಪೈಪಿನ ಪಕ್ಕ ಹಿಡಿದು ಅದರ ಉದ್ದಕ್ಕೆ ಟೇಪಿನಿಂದ ಗುರುತು ಹಾಕಿ. ಪೈಪ್ ಆ ಗುರುತಿಗಿಂತ ಇನ್ನೂ ಸ್ವಲ್ಪ ಒಳಗೆ ಹೋಗಬೇಕು. ತಳ ಮುಟ್ಟಿದ್ದು ಕೈಗೆ ಗೊತ್ತಾಗುತ್ತೆ. ಬಲವಂತ ಮಾಡಿ ತುರುಕಬೇಡಿ, ಪೈಪ್ ಒಳಗೇ ಮಡಚಿಕೊಳ್ಳುತ್ತೆ.

5. ಹದಿನೈದು ಇಪ್ಪತ್ತು ಸಲ ಹಿಡಿ ಎಳೀರಿ. ಆಯಿಲ್ ಬರೋಕೆ ಶುರುವಾದ ಮೇಲೆ ಸುಮ್ಮನೆ ನಿಂತರೆ ಸಾಕು, ನಿಧಾನ ಆದಾಗ ಮತ್ತೆ ಎಳೀರಿ. ನನ್ನದು ಖಾಲಿ ಆಗೋಕೆ ಹತ್ತು ನಿಮಿಷ ಹಿಡಿಯುತ್ತೆ. ಗೊರಗೊರ ಸದ್ದು ಬಂದರೆ ಪೈಪ್ ಗಾಳಿ ಎಳೀತಾ ಇದೆ ಅಂತ. ಪೈಪನ್ನ ಚೂರು ಮೇಲೆ ಕೆಳಗೆ ಆಡಿಸಿ, ತಿರುಗಿಸಿ. ಐದು ನಿಮಿಷ ಬಿಟ್ಟು ಇನ್ನೊಂದು ಸಲ ಎಳೀರಿ, ಮೇಲಿನಿಂದ ಜಾರಿ ಇಳಿದಿದ್ದೂ ಬರುತ್ತೆ.

6. ಈಗ ಟ್ಯಾಂಕಿನ ಗುರುತು ನೋಡಿ, ಎಷ್ಟು ಬಂತು ಅಂತ ಬರೆದುಕೊಳ್ಳಿ. ಗುರುತು ಸರಿ ಕಾಣದಿದ್ದರೆ ತಕ್ಕಡಿಯಲ್ಲಿ ಇಡಿ. ಆಯಿಲ್ ನೀರಿಗಿಂತ ಹಗುರ, ಮೂರು ಲೀಟರ್ ಸುಮಾರು 2.6 ಕೆ.ಜಿ. ತೂಗುತ್ತೆ. ಖಾಲಿ ಪಂಪಿನ ತೂಕ ಮೊದಲೇ ನೋಡಿಟ್ಟಿರಬೇಕು.

7. ಫಿಲ್ಟರ್ ಬದಲಾಯಿಸಿ. ಹೊಸ ಆಯಿಲ್ ಹಾಕಿ ಹಳೇ ಫಿಲ್ಟರ್ ಬಿಡೋದು ಸ್ನಾನ ಮಾಡಿ ಕೊಳೆ ಬಟ್ಟೆ ಹಾಕ್ಕೊಂಡ ಹಾಗೆ. ನನ್ನ ಕಾರಿನಲ್ಲಿ ಮೇಲಿಂದ ಕೈ ಇಳಿಸಿದ್ರೆ ಫಿಲ್ಟರ್ ಸಿಗುತ್ತೆ. ಕೆಳಗೆ ತಟ್ಟೆ ಇಟ್ಟು ಬಿಚ್ಚಿ. ಹಳೇ ಫಿಲ್ಟರಿನ ರಬ್ಬರ್ ರಿಂಗು ಎಂಜಿನ್ನಿಗೇ ಅಂಟಿಕೊಂಡು ಉಳಿದಿಲ್ಲ ತಾನೇ ಅಂತ ನೋಡಿ. ಒಂದರ ಮೇಲೊಂದು ಎರಡು ರಿಂಗು ಕೂತರೆ ಆಯಿಲ್ ಚಿಮ್ಮುತ್ತೆ. ಹೊಸ ಫಿಲ್ಟರಿನ ರಿಂಗಿಗೆ ಹೊಸ ಆಯಿಲ್ ಸವರಿ, ಕೈಯಲ್ಲೇ ತಿರುಗಿಸಿ. ರಿಂಗು ಮುಟ್ಟಿದ ಮೇಲೆ ಮುಕ್ಕಾಲು ಸುತ್ತು, ಅಥವಾ ಫಿಲ್ಟರ್ ಮೇಲೆ ಬರೆದಷ್ಟು. ಪಾನಾ ಬಿಚ್ಚೋಕೆ ಮಾತ್ರ, ಬಿಗಿಯೋಕೆ ಅಲ್ಲ.

ನಿಮ್ಮ ಕಾರಿನ ಫಿಲ್ಟರ್ ಕೆಳಗಿಂದ ಮಾತ್ರ ಸಿಗೋದಾದರೆ ಒಂದು ಮಾತು. ಬರೀ ಜಾಕಿ ಮೇಲೆ ಕಾರು ನಿಲ್ಲಿಸಿ, ಅಥವಾ ಇಟ್ಟಿಗೆ, ತೆಂಗಿನ ದಿಮ್ಮಿ ಕೊಟ್ಟು ಕೆಳಗೆ ನುಗ್ಗಬೇಡಿ. ಜಾರಿದ್ರೆ ಜೀವ ಹೋಗುತ್ತೆ. ಸರಿಯಾದ ಸ್ಟ್ಯಾಂಡ್ ಇಲ್ಲದಿದ್ದರೆ ಗ್ಯಾರೇಜಿಗೆ ಹೋಗಿ.

8. ಹೊಸ ಆಯಿಲನ್ನ ಜಗ್ಗಿನಲ್ಲಿ ಅಳೆದು ಹಾಕಿ. ಮೊದಲು ಎಳೆದು ಬಂದದ್ದಕ್ಕಿಂತ ಅರ್ಧ ಲೀಟರ್ ಕಮ್ಮಿ. ಐದು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಿ, ಕೆಳಗಿನ ಗುರುತು ದಾಟಿರಬೇಕು. ಇಲ್ಲದಿದ್ದರೆ ದಾಟೋವರೆಗೆ ಸ್ವಲ್ಪ ಸ್ವಲ್ಪ ಸೇರಿಸಿ.

9. ಮುಚ್ಚಳ, ಡಿಪ್‌ಸ್ಟಿಕ್ ಹಾಕಿ ಸ್ಟಾರ್ಟ್ ಮಾಡಿ. ಆಕ್ಸಿಲೇಟರ್ ಒತ್ತಬೇಡಿ. ಕೆಂಪು ದೀಪ ಕೆಲವು ಸೆಕೆಂಡಿನಲ್ಲಿ ಆರಬೇಕು, ಆರದಿದ್ದರೆ ತಕ್ಷಣ ಆಫ್. ಒಂದೆರಡು ನಿಮಿಷ ಓಡಿಸಿ, ಫಿಲ್ಟರ್ ಹತ್ತಿರ ಸೋರ್ತಾ ಇದೆಯಾ ನೋಡಿ. ಆಫ್ ಮಾಡಿ ಐದು ನಿಮಿಷ ಬಿಟ್ಟು ಮತ್ತೆ ಕಡ್ಡಿ ನೋಡಿ. ಹೊಸ ಫಿಲ್ಟರ್ ಸ್ವಲ್ಪ ಕುಡಿದಿರುತ್ತೆ. ಮೇಲಿನ ಗುರುತಿನ ಹತ್ತಿರ ಬರೋವರೆಗೆ ನೂರು, ಇನ್ನೂರು ಮಿಲಿ ಅಂತ ಸೇರಿಸಿ. ಮೇಲಿನ ಗುರುತು ದಾಟಬಾರದು.

10. ರಾತ್ರಿ ಎಂಜಿನ್ ಕೆಳಗೆ ಒಂದು ರಟ್ಟು ಹಾಸಿ. ಬೆಳಿಗ್ಗೆ ರಟ್ಟಿನ ಮೇಲೆ ಹನಿ ಇಲ್ಲ ಅಂದರೆ ಕೆಲಸ ಪಾಸು. ನನಗೆ ಈ ರಟ್ಟಿನ ಅಭ್ಯಾಸ ಮೊದಲೇ ಇದ್ದಿದ್ದರೆ ಅವ್ವ ಆ ರಾತ್ರಿ ರಸ್ತೆ ಬದಿ ಕೂರ್ತಿರಲಿಲ್ಲ.

ನಾನು ಮಾಡಿದ ತಪ್ಪು

ಮೊದಲನೇ ಸಲ ಎಲ್ಲಾ ಚೆನ್ನಾಗೇ ಎಳೆದೆ, ಆದರೆ ಎಷ್ಟು ಬಂತು ಅಂತ ನೋಡಲಿಲ್ಲ. ಅಂಗಡಿಯಲ್ಲಿ ಸಿಕ್ಕಿದ್ದು 3.5 ಲೀಟರ್ ಡಬ್ಬಿ. "ಕಾರಿನ ಡಬ್ಬಿ ಅಂದ್ರೆ ಕಾರಿಗೆ ಸರಿಯಾಗಿ ಇರುತ್ತೆ" ಅಂತ ಪೂರ್ತಿ ಸುರಿದೆ. ಒಂದು ನಿಮಿಷ ಓಡಿಸಿ ಕಡ್ಡಿ ನೋಡಿದ್ರೆ ಮೇಲಿನ ಗುರುತಿಗಿಂತ ಎರಡು ಬೆರಳು ಮೇಲಿದೆ.

ಆಯಿಲ್ ಜಾಸ್ತಿ ಆದರೆ ಒಳ್ಳೇದಲ್ವಾ ಅಂತ ಕೇಳೋರು ಇದ್ದಾರೆ. ಅಲ್ಲ. ತಿರುಗೋ ಕ್ರ್ಯಾಂಕು ಆಯಿಲ್ಲಿಗೆ ತಾಗಿ ಮಜ್ಜಿಗೆ ಕಡೆದ ಹಾಗೆ ನೊರೆ ಮಾಡುತ್ತೆ. ಪಂಪು ಆಯಿಲ್ ಬದಲು ನೊರೆ ಎಳೆದರೆ ಪ್ರೆಷರ್ ಬೀಳುತ್ತೆ. ಸೀಲುಗಳು ಸೋರೋಕೆ ಶುರುವಾಗಬಹುದು. ಕಮ್ಮಿ ಆದರೆ ಎಷ್ಟು ಅಪಾಯವೋ ಅತಿ ಆದರೂ ಅಪಾಯವೇ, ಯೂರಿಯಾ ಥರ.

ಪುಣ್ಯಕ್ಕೆ ಪಂಪ್ ಕೈಯಲ್ಲೇ ಇತ್ತು. ಪೈಪ್ ಇಳಿಸಿ ಸ್ವಲ್ಪ ಸ್ವಲ್ಪ ಎಳೆದು, ಮುಕ್ಕಾಲು ಲೀಟರಿನ ಹತ್ತಿರ ವಾಪಸ್ ತೆಗೆದೆ. ಗ್ಯಾರೇಜಿನಲ್ಲಿ ಯಾರಾದರೂ ಜಾಸ್ತಿ ತುಂಬಿ ಕಳಿಸಿದಾಗಲೂ ಈ ಪಂಪ್ ಕೆಲಸಕ್ಕೆ ಬರುತ್ತೆ. ಅವತ್ತು ಕಲಿತದ್ದು ಇಷ್ಟು: ಆಯಿಲ್ ಎಳೆಯೋದು ಪಂಪಿನ ಕೆಲಸ, ಅಳೆಯೋದು ನಮ್ಮ ಕೆಲಸ.

ಇನ್ನೆರಡು ಎಚ್ಚರಿಕೆ. ಈ ಪಂಪಿನಿಂದ ಪೆಟ್ರೋಲ್ ಎಳೆಯಬೇಡಿ, ಬೆಂಕಿ ಹತ್ತುತ್ತೆ. ಆಯಿಲ್ ಎಳೆದ ಪಂಪನ್ನ ನೀರಿಗೂ ಔಷಧಿಗೂ ಬಳಸಬೇಡಿ.

ಹಳೇ ಆಯಿಲ್ ಎಲ್ಲಿ ಹೋಗಬೇಕು?

ನನ್ನ ಪ್ರಕಾರ ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದು. ಗ್ಯಾರೇಜಿನಲ್ಲಿ ಮಾಡಿಸಿದಾಗ ಹಳೇ ಆಯಿಲ್ ನಮ್ಮ ತಲೆನೋವಾಗಿರಲಿಲ್ಲ. ಮನೆಯಲ್ಲಿ ತೆಗೆದ ಕೂಡಲೇ ಅದು ನಮ್ಮ ಜವಾಬ್ದಾರಿ.

ಪಂಪ್ ಟ್ಯಾಂಕ್ ತುಂಬಿದ್ದು ನೋಡಿದ ಅಪ್ಪ, "ಚೆಲ್ಲಬೇಡ ಕಣ್ಲಾ, ಇಲ್ಲಿ ಕೊಡು. ಬೇಲಿ ಗೂಟಕ್ಕೆ ಬಳೀತೀನಿ, ಉಳಿದಿದ್ದು ಗೆದ್ದಲಿಗೆ ಹುಯ್ಯಾಣ" ಅಂದ್ರು. ನಮ್ಮ ಕಡೆ ಇದು ಹಳೇ ಪದ್ಧತಿ. ಕೊಟ್ಟಿಗೆ ತೊಲೆಗೂ ಬಳೀತಾರೆ. ಆ ಬೇಲಿ ಇರೋದು ನಮ್ಮ ಬಾವಿಯಿಂದ ಹತ್ತು ಹೆಜ್ಜೆಯಲ್ಲಿ.

ಬೇಡ ಅಂದೆ. "ನಿಮ್ ತಾತನೂ ಬಳೀತಿದ್ದ, ಏನಾಗೈತೆ?" ಅಂದ್ರು. ಮಾತಿನಲ್ಲಿ ಅಪ್ಪನ ಜೊತೆ ಗೆಲ್ಲೋಕಾಗಲ್ಲ. ಒಂದು ಬಕೆಟ್ ನೀರು ತಂದು ಕಡ್ಡಿ ತುದಿಯಿಂದ ಒಂದೇ ಒಂದು ಹನಿ ಹಳೇ ಆಯಿಲ್ ಬಿಟ್ಟೆ. ನೋಡ್ತಾ ನೋಡ್ತಾ ನೀರಿನ ಮೇಲೆಲ್ಲ ಬಣ್ಣ ಬಣ್ಣದ ಪೊರೆ ಹರಡಿತು. "ಈ ನೀರನ್ನ ಹಸೀಗೆ ಇಡ್ತೀಯಾ?" ಅಂದೆ. ಅಪ್ಪ ಬಕೆಟ್ ನೋಡಿದ್ರು, ಕ್ಯಾನ್ ನೋಡಿದ್ರು, ಏನೂ ಹೇಳದೆ ತೋಟದ ಕಡೆ ಹೋದ್ರು.

ಒಂದು ಸಲ ಬದಲಾಯಿಸಿದಾಗ ಬರೋ ಹಳೇ ಆಯಿಲ್ ಹತ್ತು ಲಕ್ಷ ಗ್ಯಾಲನ್, ಅಂದರೆ ಸುಮಾರು 38 ಲಕ್ಷ ಲೀಟರ್ ಸಿಹಿ ನೀರನ್ನ ಕೆಡಿಸಬಲ್ಲದು ಅಂತ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಹೇಳುತ್ತೆ. ಹಳೇ ಆಯಿಲ್ಲಿನಲ್ಲಿ ಎಂಜಿನ್ ಸವೆದ ಲೋಹದ ಪುಡಿ ಇರುತ್ತೆ, ಇಂಧನ ಸುಟ್ಟಾಗ ಆಗೋ ಕ್ಯಾನ್ಸರ್ ತರೋ ರಾಸಾಯನಿಕಗಳಿರುತ್ವೆ. ಅದಕ್ಕೇ ಕೈಗವಸು ಹಾಕಿ ಅಂದಿದ್ದು. ದನಗಳು ಕಂಬಕ್ಕೆ ಬಳಿದಿದ್ದನ್ನ, ತೆರೆದ ಡಬ್ಬಿಯಲ್ಲಿಟ್ಟಿದ್ದನ್ನ ನೆಕ್ಕಿ ಕಾಯಿಲೆ ಬೀಳೋದೂ ಉಂಟು. ಗೆದ್ದಲಿಗೆ ಅಂತ ಬುಡಕ್ಕೆ ಸುರಿದರೆ ಗೆದ್ದಲಿನ ಜೊತೆ ಮಣ್ಣಿನ ಒಳ್ಳೇ ಜೀವಿಗಳೂ ಸಾಯ್ತವೆ, ಬೇರೂ ಕೆಡುತ್ತೆ. ಮರದ ಗೂಟಕ್ಕೆ ಏನಾದರೂ ಬಳಿಯಲೇಬೇಕು ಅಂದರೆ ಗೋಡಂಬಿ ಸಿಪ್ಪೆಯ ಎಣ್ಣೆ ಇದೆ, ಅದೂ ಕೈ ಸುಡುತ್ತೆ, ಗವಸು ಬೇಕು.

ಕಾನೂನೂ ಇದೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ ಬಳಸಿದ ಆಯಿಲ್ ಸೇರಿದೆ. 2024ರ ಏಪ್ರಿಲ್ 1ರಿಂದ ಆಯಿಲ್ ತಯಾರಿಸೋ ಕಂಪನಿಗಳಿಗೂ ಹಳೇ ಆಯಿಲ್ ಮರುಬಳಕೆಯ ಹೊಣೆ ಬಂದಿದೆ. ಹಳೇ ಆಯಿಲ್ ಕಸ ಅಲ್ಲ. ಶುದ್ಧ ಮಾಡಿದ್ರೆ ಮತ್ತೆ ಆಯಿಲ್ ಆಗುತ್ತೆ. ಆದರೆ ಅದಕ್ಕೆ ನೀರು, ಪೆಟ್ರೋಲ್, ಕೂಲೆಂಟ್, ಔಷಧಿ ಬೆರೆತಿರಬಾರದು.

ನಾನು ಮಾಡೋದು ಇಷ್ಟು. ಎಳೆದ ಆಯಿಲನ್ನ ಕ್ಯಾನಿಗೆ ಹಾಕಿ ಮುಚ್ಚಳ ಬಿಗಿದು, ಮಕ್ಕಳ ಕೈಗೆ, ದನದ ಬಾಯಿಗೆ ಸಿಗದ ಕಡೆ ಇಡ್ತೀನಿ. ಹಳೇ ಫಿಲ್ಟರನ್ನ ಒಂದು ರಾತ್ರಿ ಬೋರಲು ಹಾಕಿ ಅದರ ಆಯಿಲನ್ನೂ ಅದೇ ಕ್ಯಾನಿಗೆ ಸೇರಿಸ್ತೀನಿ. ಪೇಟೆಗೆ ಹೋಗುವಾಗ ಪರಿಚಯದ ಸರ್ವಿಸ್ ಸೆಂಟರಿಗೆ ಕೊಡ್ತೀನಿ. ಅವರ ಹತ್ತಿರ ಡ್ರಮ್ಮು ಇದೆ, ಅನುಮತಿ ಇರೋ ಘಟಕದವರು ಬಂದು ಒಯ್ತಾರೆ. ನಿಮ್ಮ ಪೇಟೆಯ ಸರ್ವಿಸ್ ಸೆಂಟರ್‌ಗಳಲ್ಲಿ ಮೊದಲೇ ಫೋನ್ ಮಾಡಿ ಕೇಳಿ. ಯಾರೂ ತಗೊಳ್ಳಲ್ಲ ಅಂದರೆ ಮಾಲಿನ್ಯ ನಿಯಂತ್ರಣ ಮಂಡಳಿಯ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿ. ಕೊಡೋ ಜಾಗ ಗೊತ್ತಾಗೋ ತನಕ ಪಂಪ್ ತಗೊಳ್ಳಬೇಡಿ ಅನ್ನೋದೇ ನನ್ನ ಸಲಹೆ. ಹೊಸ ಆಯಿಲ್ಲಿನ ಖಾಲಿ ಡಬ್ಬಿಯನ್ನ ಹಾಗೇ ಗುಜರಿಗೆ ಹಾಕಬೇಡಿ, ಕೊಯ್ದು ಹಾಕಿ. ನಕಲಿ ತುಂಬೋರಿಗೆ ಅದೇ ಡಬ್ಬಿ ಬೇಕಾಗಿರೋದು.

ದುಡ್ಡಿನ ಲೆಕ್ಕ

ಪಂಪಿಗೆ ನಾನು ಕೊಟ್ಟಿದ್ದು 3,200 ರೂಪಾಯಿ. ನಮ್ಮಲ್ಲಿ ಆಯಿಲ್ ಚೇಂಜ್ ಕೂಲಿ ಒಂದು ಸಲಕ್ಕೆ 300. ಒಂದೇ ಕಾರು, ವರ್ಷಕ್ಕೆ ಎರಡು ಸಲ ಅಂದರೆ ಪಂಪಿನ ದುಡ್ಡು ವಾಪಸ್ ಬರೋಕೆ ಐದು ವರ್ಷದ ಮೇಲಾಗುತ್ತೆ. ಹಾಗಾಗಿ ಉಳಿತಾಯಕ್ಕೆ ಅಂತ ಒಬ್ಬರೇ ತಗೊಂಡರೆ ಲೆಕ್ಕ ಕೂಡಲ್ಲ. ನಮ್ಮ ಓಣಿಯಲ್ಲಿ ನಾಲ್ಕು ಜನ ಸೇರಿ 800ರಂತೆ ಹಾಕ್ಕೊಂಡ್ವಿ. ನಾಲ್ಕು ಕಾರಿನ ಹಳೇ ಆಯಿಲ್ ಒಂದೇ ಕಡೆ ಸೇರೋದ್ರಿಂದ ಪೇಟೆಗೆ ಒಯ್ಯೋದೂ ಸುಲಭ.

ನನಗೆ ಸಿಕ್ಕ ನಿಜವಾದ ಲಾಭ ಬೇರೆ. ಯಾವ ಆಯಿಲ್ ಹಾಕಿದೆ, ಎಷ್ಟು ಹಾಕಿದೆ, ಯಾವತ್ತು ಹಾಕಿದೆ ಅನ್ನೋದು ನನ್ನ ಫೋನಿನಲ್ಲಿದೆ. ಥ್ರೆಡ್ ರಿಪೇರಿಯಾದ ಬೋಲ್ಟನ್ನ ಯಾರೂ ಪೈಪ್ ಹಾಕಿ ಎಳೆಯಲ್ಲ. ಹದಿನೈದು ದಿನಕ್ಕೊಮ್ಮೆ ಬೆಳಿಗ್ಗೆ ಸ್ಟಾರ್ಟ್ ಮಾಡೋ ಮುಂಚೆ ಕಡ್ಡಿ ತೆಗೆದು ನೋಡೋ ಅಭ್ಯಾಸ ಬಂದಿದೆ. ಇದಕ್ಕೆ ಪಂಪ್ ಬೇಕಿಲ್ಲ, ಒಂದು ತುಂಡು ಬಟ್ಟೆ ಸಾಕು. ಈ ಲೇಖನ ಓದಿ ನೀವು ಪಂಪ್ ತಗೊಳ್ಳದಿದ್ದರೂ ಪರವಾಗಿಲ್ಲ, ನಾಳೆ ಬೆಳಿಗ್ಗೆ ಆ ಕಡ್ಡಿಯನ್ನೊಂದು ಸಲ ನೋಡಿ.

ಕಳೆದ ವಾರ ಅವ್ವನನ್ನ ಮತ್ತೆ ತುಮಕೂರಿಗೆ ಕರ್ಕೊಂಡು ಹೊರಟಿದ್ದೆ. ಕಾರು ಗೇಟು ದಾಟೋ ಹೊತ್ತಿಗೆ ಅಪ್ಪ ಹಿಂದಿನಿಂದ ಕೂಗಿದ್ರು, "ಲೇ, ಆ ಹಳೇ ಆಯಿಲ್ ಕ್ಯಾನು ಹಾಕ್ಕೊಂಡ್ಯೇನ್ಲಾ? ಬಾವಿ ಹತ್ರ ಇಡಬೇಡ ಅಂತ ನೀನೇ ಅಲ್ವಾ ಹೇಳಿದ್ದು!"